ಎರೆಮಣ್ಣಿನ ಮೇಲೊಂದು ಪುಟ್ಟ ರೈಲುದಾರಿ

(ಬಳ್ಳಾರಿಯಲ್ಲಿ ಹವ್ಯಾಸಿಗಳ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಕೈಸನ್ನೆಯಿಂದ ತೋರಿಸಿ ಮುಗಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಅಳತೆ ಹಾಕಿ ಹೇಳಿದ್ದೇನೆ.)

ಮಾನ್ಯರೇ,

ನಮ್ಮ ಮನೆಯ ಹಿತ್ತಲಲ್ಲಿ ನಾನು ಕಟ್ಟಿರುವ ಪುಟ್ಟ ಮಾದರಿ ರೈಲನ್ನು ನೋಡಲು ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇಂಜಿನ್ ಎಷ್ಟು ಜೋರಾಗಿ ಓಡುತ್ತದೆ ಎಂಬುದು ಒಂದು, ಇದಕ್ಕೆಲ್ಲ ಎಷ್ಟು ಖರ್ಚಾಯಿತು ಎಂಬುದು ಇನ್ನೊಂದು. ಎರಡನೆಯದಕ್ಕೆ, ನನ್ನ ಮನೆಯವರು ಹತ್ತಿರದಲ್ಲಿದ್ದರೆ, ನಾನು ಉತ್ತರ ಕೊಡುವುದಿಲ್ಲ. ಹಳಿ ಯಾವುದರ ಮೇಲೆ ಕೂತಿದೆ ಎಂದು ಈ ಹನ್ನೆರಡು ವರ್ಷಗಳಲ್ಲಿ ಕೇಳಿದವರು ಒಬ್ಬರೇ, ಅವರು ನಮ್ಮ ತಂದೆ. ಬಳ್ಳಾರಿ–ಹೊಸಪೇಟೆ ದಾರಿ ಮೀಟರ್ ಗೇಜ್ ಆಗಿದ್ದ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿದ್ದ ಕಾಲದಲ್ಲಿ ಅವರು ಕುಡತಿನಿ, ದರೋಜಿ ಕಡೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರು. ಈಗ ಅವರಿಲ್ಲ. ಇಂಜಿನ್ನುಗಳ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಆದರೆ ನಾನು ಮಾತಾಡುವುದು ಹೆಚ್ಚಾಗಿ ಮಣ್ಣು, ಬಿಸಿಲು, ಜಲ್ಲಿ ಇವುಗಳ ಬಗ್ಗೆ. ತೋಟದ ರೈಲೆಂದರೆ ಗಾಡಿಗಿಂತ ಹೆಚ್ಚಾಗಿ ದಾರಿ. ಗಾಡಿಯನ್ನು ದುಡ್ಡು ಕೊಟ್ಟು ತರಬಹುದು. ದಾರಿಯನ್ನು, ಅದರಲ್ಲೂ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ನೆಲದಲ್ಲಿ, ಮೊಣಕಾಲೂರಿ ಮಾಡಿಕೊಳ್ಳಬೇಕು, ಮಾಡಿದ ಮೇಲೆಯೂ ಮೊಣಕಾಲೂರಿಯೇ ಕಾಯಬೇಕು.

ಮೊದಲು ಅಳತೆಯ ಮಾತನ್ನು ಮುಗಿಸಿಬಿಡೋಣ. ಮನೆಯೊಳಗೆ ಮೇಜಿನ ಮೇಲೆ ಓಡುವ ಚಿಕ್ಕ ರೈಲುಗಳು ಹೊರಗಿನ ಗಾಳಿ, ಧೂಳು, ಇರುವೆಗಳನ್ನು ತಾಳಲಾರವು. ಆದ್ದರಿಂದ ತೋಟದ ರೈಲಿಗೆ ದೊಡ್ಡ ಅಳತೆಯೇ ಬೇಕು. ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಎಂಬ ಆಟಿಕೆ ತಯಾರಕರು 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಲ್ಲಿ ಮಳೆ ಬಿಸಿಲಿಗೆ ಜಗ್ಗದ ರೈಲನ್ನು ಮಾರುಕಟ್ಟೆಗೆ ತಂದರು. ಎರಡು ಹಳಿಗಳ ನಡುವೆ 45 ಮಿ.ಮೀ. ಅಂತರ, ಗಾಡಿಯ ಪ್ರಮಾಣ 1:22.5. ನಲವತ್ತೈದನ್ನು ಇಪ್ಪತ್ತೆರಡೂವರೆಯಿಂದ ಗುಣಿಸಿ ನೋಡಿ, 1012 ಬರುತ್ತದೆ. ಅಂದರೆ ಇದು ಹೆಚ್ಚುಕಡಿಮೆ ಮೀಟರ್ ಗೇಜ್. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಹಾದು ಹುಬ್ಬಳ್ಳಿಗೆ ಹೋಗುತ್ತಿದ್ದ ನಮ್ಮ ಹಳೆಯ ದಾರಿಯ ಅಳತೆ. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆಯ ನಂತರ ಆ ದಾರಿ ಬ್ರಾಡ್‌ಗೇಜ್ ಆಯಿತು. ನನಗೆ ಈ ಹವ್ಯಾಸ ಹತ್ತಿದ್ದಕ್ಕೆ ಆ ಗುಣಾಕಾರವೇ ಕಾರಣ ಎಂದರೂ ನಡೆಯುತ್ತದೆ. ಅದೇ 45 ಮಿ.ಮೀ. ಹಳಿಯ ಮೇಲೆ ಬೇರೆ ಬೇರೆ ಪ್ರಮಾಣದ ಗಾಡಿಗಳನ್ನೂ ಓಡಿಸುತ್ತಾರೆ: ಯುರೋಪಿನ ಸಾಮಾನ್ಯ ಗೇಜಿಗೆ 1:32, ಅಮೆರಿಕದ ಮೂರಡಿ ಗೇಜಿಗೆ 1:20.3. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಅದಕ್ಕೆ ಸುಮಾರು 1:37 ಆಗುತ್ತದೆ, ಆ ಪ್ರಮಾಣದ ಸಿದ್ಧ ಗಾಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆ ಬ್ರಾಡ್‌ಗೇಜಿನ ಅಭಿಮಾನ ಇರುವ ರಾಯಚೂರಿನ ಮಿತ್ರರು ಯಾರಾದರೂ ಇಲ್ಲಿದ್ದರೆ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳುವ ತಯಾರಿಯಲ್ಲಿರಬೇಕು. ನಾನಂತೂ ಜರ್ಮನ್ ಇಂಜಿನ್ನಿಗೆ ‘ಹೊಸಪೇಟೆ’ ಎಂದು ಬೋರ್ಡು ಹಚ್ಚಿ ಓಡಿಸಿದವನು, ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ಇನ್ನು ನೆಲಕ್ಕೆ ಬರೋಣ. ನಮ್ಮ ಹಿತ್ತಲು ಎರೆಭೂಮಿ. ಮೊದಲ ವರ್ಷ, ಹೊರದೇಶದ ಕೈಪಿಡಿಯೊಂದನ್ನು ನಂಬಿ, ನಾಲ್ಕು ಅಂಗುಲ ಆಳ ಅಗೆದು, ಅದರ ತುಂಬ ಕಾಂಕ್ರೀಟ್ ಸುರಿದು, ರಸಮಟ್ಟ ಇಟ್ಟು ನೋಡಿ, ಗುಳ್ಳೆ ನಡುವೆ ನಿಂತದ್ದನ್ನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಅದು ಮಾಗಿಯ ಕಾಲ. ಯುಗಾದಿ ಕಳೆಯುವಷ್ಟರಲ್ಲಿ ಕಾಂಕ್ರೀಟಿನ ಪಟ್ಟಿ ಮೂರು ಕಡೆ ತುಂಡಾಗಿ, ಒಂದು ತುಂಡಿನ ತುದಿ ಹೆಬ್ಬೆರಳಿನಷ್ಟು ಕೆಳಗಿಳಿದು, ಅದರ ಪಕ್ಕದ ನೆಲದಲ್ಲಿ ಅಂಗೈ ನುಗ್ಗುವಷ್ಟು ಬಿರುಕು ಬಿಟ್ಟಿತ್ತು. ಸಣ್ಣ ಸ್ಪ್ಯಾನರ್ ಒಂದು ಆ ಬಿರುಕಿನೊಳಗೆ ಬಿದ್ದದ್ದು ಈವರೆಗೂ ಸಿಕ್ಕಿಲ್ಲ.

ಎರೆಮಣ್ಣಿನಲ್ಲಿ ಬೇಸಾಯ ಮಾಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಹಾಳೆ ಹಾಳೆಯಾಗಿದ್ದು, ನೀರು ಆ ಹಾಳೆಗಳ ನಡುವೆ ಸೇರಿಕೊಂಡರೆ ಉಬ್ಬುತ್ತವೆ, ನೀರು ಆರಿದರೆ ಕುಗ್ಗುತ್ತವೆ. ಹಿಂಗಾರಿನಲ್ಲಿ ಬಿಳಿಜೋಳಕ್ಕೆ, ಕಡಲೆಗೆ ತಿಂಗಳುಗಟ್ಟಲೆ ಹಸಿ ಹಿಡಿದುಕೊಡುವ ಗುಣವೇ ರೈಲುದಾರಿಗೆ ಕಂಟಕ. ಮನೆ ಕಟ್ಟುವವರು ಬುಡ ಅಗಲವಾದ ಕಾಂಕ್ರೀಟ್ ಕಂಬಗಳನ್ನು ಆಳಕ್ಕೆ ಇಳಿಸಿ ಪಾರಾಗುತ್ತಾರೆ. ಮೂರು ಕೆ.ಜಿ. ತೂಕದ ಇಂಜಿನ್ನಿಗಾಗಿ ಅಷ್ಟು ಮಾಡುವುದು ಬುದ್ಧಿವಂತರ ಕೆಲಸವಲ್ಲ. ಆದ್ದರಿಂದ ನೆಲ ಅಲುಗಾಡದಂತೆ ಮಾಡುವ ಆಸೆ ಬಿಟ್ಟು, ನೆಲ ಅಲುಗಾಡಿದರೂ ದಾರಿಯನ್ನು ಮತ್ತೆ ಮಟ್ಟ ಮಾಡಿಕೊಳ್ಳಲು ಬರುವಂತೆ ಕಟ್ಟಬೇಕು ಎಂಬ ತೀರ್ಮಾನಕ್ಕೆ ಬಂದೆ. ಕಾಂಕ್ರೀಟ್ ಒಡೆದು ತೆಗೆಯಲು ಒಂದು ವಾರ ಹಿಡಿಯಿತು.

ಈಗಿನ ದಾರಿ ಹೀಗಿದೆ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಎರೆಮಣ್ಣನ್ನು ಪೂರ್ತಿ ಹೊರಗೆ ಹಾಕಿ, ಅದರ ಜಾಗಕ್ಕೆ ಗರಸು, ಅಂದರೆ ಕಲ್ಲುಚೂರಿನ ಮಣ್ಣು, ತುಂಬಿದೆ. ಗರಸನ್ನು ಒಮ್ಮೆಲೇ ಸುರಿಯಬಾರದು. ನಾಲ್ಕು ಅಂಗುಲಕ್ಕೊಂದು ಪದರ ಹರವಿ, ನೀರು ಚಿಮುಕಿಸಿ, ದಮ್ಮಸು ಹೊಡೆದು, ಹಿಮ್ಮಡಿ ಊರಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆಯೇ ಮುಂದಿನ ಪದರ. ಅದರ ಮೇಲೆ ಶಹಾಬಾದ್ ಫರ್ಸಿಯ ತುಂಡುಗಳನ್ನು ಸಿಮೆಂಟ್ ಹಾಕದೆ, ಒಂದಕ್ಕೊಂದು ಬೆರಳಗಲ ಸಂದಿ ಬಿಟ್ಟು ಹಾಸಿದ್ದೇನೆ. ಮನೆ ನೆಲಕ್ಕೆ ಹಾಕಿ ಉಳಿದ ಒಡಕಲು ಫರ್ಸಿಯೇ ಸಾಕು, ಅಂಗಡಿಯವರು ಅದನ್ನು ಹೆಚ್ಚುಕಡಿಮೆ ಪುಕ್ಕಟೆ ಕೊಡುತ್ತಾರೆ. ಫರ್ಸಿಯ ಮೇಲೆ ಎರಡು ಅಂಗುಲ ಜಲ್ಲಿಪುಡಿ, ಜಲ್ಲಿಪುಡಿಯಲ್ಲಿ ಹುದುಗಿದ ಸ್ಲೀಪರ್ (ಹಳಿಯ ಕೆಳಗೆ ಅಡ್ಡಲಾಗಿ ಇಡುವ ಪಟ್ಟಿ), ಸ್ಲೀಪರ್ ಮೇಲೆ ಹಳಿ. ಇವುಗಳಲ್ಲಿ ಯಾವುದನ್ನೂ ಅದರ ಕೆಳಗಿನದಕ್ಕೆ ಬಿಗಿದಿಲ್ಲ. ದೊಡ್ಡ ರೈಲಿನಲ್ಲೂ ಜಲ್ಲಿಯ ಮೇಲೆ ಸ್ಲೀಪರ್ ಕೂತಿರುತ್ತದೆಯೇ ಹೊರತು ಅದನ್ನು ನೆಲಕ್ಕೆ ಮೊಳೆ ಹೊಡೆದಿರುವುದಿಲ್ಲ. ಇಷ್ಟು ಸರಳ ಸಂಗತಿ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಯಾಕೆಂದರೆ ಎರಡನೆಯ ವರ್ಷವೂ ನಾನು ಹಳಿಯನ್ನು ಬಿಗಿದೇ ಇದ್ದೆ. ಫರ್ಸಿಗೆ ಡ್ರಿಲ್ ಹಾಕಿ, ಎರಡು ಮೀಟರಿಗೊಂದರಂತೆ ಸ್ಕ್ರೂ ಕೂಡಿಸಿ, ಹಳಿ ತುಂಡುಗಳ ನಡುವೆ ಧೂಳು ಸೇರಬಾರದೆಂದು ಒಂದಕ್ಕೊಂದು ಒತ್ತಿ ಜೋಡಿಸಿದ್ದೆ. ಜನವರಿಯ ಒಂದು ಮುಂಜಾನೆ, 17 ಡಿಗ್ರಿ ಚಳಿಯಲ್ಲಿ, ನಡುಗುತ್ತ ಮಾಡಿದ ಕೆಲಸವದು. ಏಪ್ರಿಲ್‌ನ ಒಂದು ಮಧ್ಯಾಹ್ನ ಊಟ ಮುಗಿಸಿ ಹಿತ್ತಲ ಬಾಗಿಲು ತೆರೆದರೆ, ಕಾಂಪೌಂಡ್ ಗೋಡೆಯ ಪಕ್ಕದ ನೇರ ದಾರಿ ನೇರವಾಗಿರಲಿಲ್ಲ. ಒಂದು ಸ್ಕ್ರೂವಿನಿಂದ ಇನ್ನೊಂದು ಸ್ಕ್ರೂವಿನವರೆಗೆ ಎಡಕ್ಕೆ, ಅಲ್ಲಿಂದ ಮುಂದೆ ಬಲಕ್ಕೆ, ಹಾವು ಹರಿದ ಹಾಗೆ ಬಳುಕಿ ನಿಂತಿತ್ತು. ಮುಟ್ಟಿದರೆ ಬೆರಳು ಚುರ್ರೆಂದಿತು. ಪಕ್ಕದ ಮನೆಯಿಂದ ಜ್ವರ ನೋಡುವ ಬಂದೂಕಿನಂಥ ಥರ್ಮಾಮೀಟರ್ ತಂದು ಹಿಡಿದರೆ ಅದು ಕೆಲಸಕ್ಕೆ ಬರಲಿಲ್ಲ. ಮೋಟಾರ್ ರಿಪೇರಿ ಮಾಡುವ ಸ್ನೇಹಿತರ ಉಪಕರಣ ತಂದು ನೋಡಿದಾಗ 62 ಡಿಗ್ರಿ.

ನಮ್ಮ ತಂದೆ ಪಡಸಾಲೆಯ ಮಂಚದಿಂದ ಎದ್ದು, ಗೋಡೆ ಹಿಡಿದುಕೊಂಡು ಬಂದು, ಬಹಳ ಹೊತ್ತು ನೋಡಿದರು. “ಅಲ್ಲಪಾ, ಹಳಿ ಕೂಡೋ ಕಡೆ ರೂಪಾಯಿ ಬಿಲ್ಲಿ ಹಿಡಿಯೋಷ್ಟರೆ ಸಂದಿ ಬಿಡಬಾರದೇನು?” ಎಂದರು. “ಧೂಳು ಸೇರ್ತದಂತ ಬಿಟ್ಟಿಲ್ಲ ಅಪ್ಪಾ” ಎಂದೆ. “ಧೂಳು ಸೇರಿದ್ರ ಊದಬೇಕು” ಎಂದು ಒಳಗೆ ಹೋದರು.

ಅಂದು ರಾತ್ರಿ ಲೆಕ್ಕ ಹಾಕಿ ನೋಡಿದೆ. ನಮ್ಮ ಹಳಿ ಹಿತ್ತಾಳೆಯದು; ಹಿತ್ತಾಳೆ ಒಂದು ಡಿಗ್ರಿ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗುತ್ತದೆ. ಉಕ್ಕು ಸುಮಾರು 12 ಪಾಲು, ಅಲ್ಯೂಮಿನಿಯಂ ಸುಮಾರು 23. ಜನವರಿಯ ಮುಂಜಾನೆಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ 45 ಡಿಗ್ರಿ ಅಂತರ. ನಮ್ಮ ದಾರಿಯ ಸುತ್ತಳತೆ 32 ಮೀಟರ್; ಒಟ್ಟು ಹಿಗ್ಗಿದ್ದು 27 ಮಿ.ಮೀ., ಅಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಎರಡು ಸ್ಕ್ರೂಗಳ ನಡುವಿನ ಎರಡು ಮೀಟರಿನಲ್ಲಿ ಬೆಳೆದದ್ದು ಬರೀ 1.7 ಮಿ.ಮೀ. ಇಷ್ಟಕ್ಕೆ ಇಷ್ಟು ಬಳುಕುವುದೇ ಎಂದು ನನಗೂ ಅನುಮಾನ ಬಂದಿತ್ತು. ಆದರೆ ಎರಡೂ ತುದಿ ಅಲುಗದಂತೆ ಹಿಡಿದ ಎರಡು ಮೀಟರ್ ಉದ್ದದ ಪಟ್ಟಿ 1.7 ಮಿ.ಮೀ. ಉದ್ದವಾದರೆ ಅದರ ನಡುಭಾಗ ಪಕ್ಕಕ್ಕೆ ಮೂರೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯುತ್ತದೆ. ಶಾಲೆಯ ರೇಖಾಗಣಿತ ಬಲ್ಲವರು ಮನೆಯಲ್ಲಿ ಹಾಕಿ ನೋಡಬಹುದು. ಬಿಸಿಲಿನ ಕಾಲದಲ್ಲಿ ಗ್ಯಾಂಗಿನವರು ಮಧ್ಯಾಹ್ನದ ಹೊತ್ತು ಹಳಿಯ ಮೇಲೆ ಕಾವಲು ತಿರುಗುವುದೂ, 13 ಮೀಟರ್ ಉದ್ದದ ಹಳೆಯ ಕಾಲದ ಹಳಿಗಳ ನಡುವೆ ಸಂದು ಬಿಡುತ್ತಿದ್ದುದೂ ಇದೇ ಕಾರಣಕ್ಕೆ. ರೈಲಿನ ‘ಟಕ ಟಕ, ಟಕ ಟಕ’ ಸದ್ದು ಆ ಸಂದಿನದು.

ಈಗ ನಾನು 1.2 ಮೀಟರ್ ಉದ್ದದ ಹಳಿಗಳನ್ನು ಬಳಸುತ್ತೇನೆ. ಪ್ರತಿಯೊಂದೂ ಬೇಸಿಗೆಗೆ ಸುಮಾರು ಒಂದು ಮಿ.ಮೀ. ಬೆಳೆಯುತ್ತದೆ. ಚಳಿಗಾಲದ ಮುಂಜಾನೆ ಕೂಡಿಸುವಾಗ ಪ್ರತಿ ಸಂದಿನಲ್ಲೂ ರೂಪಾಯಿ ಬಿಲ್ಲೆ ಇಟ್ಟು ಹಳಿ ಜೋಡಿಸಿ ಆಮೇಲೆ ಬಿಲ್ಲೆ ತೆಗೆಯುತ್ತೇನೆ. ಬಿಲ್ಲೆಯ ದಪ್ಪ ಸುಮಾರು ಒಂದೂವರೆ ಮಿ.ಮೀ.; ಬೇಕಾದದ್ದಕ್ಕಿಂತ ಅರ್ಧ ಮಿ.ಮೀ. ಹೆಚ್ಚು, ಅದು ಧೂಳಿನ ಪಾಲು. ಅದೇ ಕೆಲಸವನ್ನು ಮೇ ತಿಂಗಳ ಮಧ್ಯಾಹ್ನ ಮಾಡುವವರು ಸಂದು ಬಿಡಬೇಕಿಲ್ಲ, ಆದರೆ ಅಂಥ ಬಿಸಿಲಲ್ಲಿ ಕೂತು ಹಳಿ ಜೋಡಿಸುವವರು ಯಾರೂ ಇರಲಾರರು.

ಸ್ಲೀಪರಿನ ಕಥೆ ಬೇರೆ. ಕಂಪನಿಯ ಹಳಿಯ ಜೊತೆ ಬರುವ ಪ್ಲಾಸ್ಟಿಕ್ ಸ್ಲೀಪರ್ ಬಿಸಿಲಿಗೆ ತಾಳುವಂಥದ್ದು, ಆದರೆ ದುಬಾರಿ. ಅಗ್ಗದ ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿ ಹಾಕಿದೆ. ಎರಡನೆಯ ಬೇಸಿಗೆಗೆ ಅವು ಹಪ್ಪಳದಂತೆ ಮುರಿದವು. ಕೊನೆಗೆ ಊರ ಹೊರಗೆ ಬೇಕಾದಷ್ಟು ಬೆಳೆದು ನಿಂತಿರುವ ಬಳ್ಳಾರಿ ಜಾಲಿಯ ಕಡೆ ತಿರುಗಿದೆ. ಈ ಮರವನ್ನು ಬೈಯದ ರೈತರಿಲ್ಲ, ಒಲೆಗೂ ಇದ್ದಿಲಿಗೂ ಬಿಟ್ಟರೆ ಇದನ್ನು ಕೇಳುವವರಿಲ್ಲ. ಆದರೆ ಇದರ ಕಟ್ಟಿಗೆ ಗಟ್ಟಿ, ಭಾರ, ಎಲ್ಲಕ್ಕಿಂತ ಮುಖ್ಯವಾಗಿ ಹಸಿ ಹಿಡಿದಾಗ ಉಬ್ಬುವುದೂ ಒಣಗಿದಾಗ ಸೊಟ್ಟಗಾಗುವುದೂ ಬಹಳ ಕಡಿಮೆ. ಮೀಟರ್ ಗೇಜಿನ ನಿಜವಾದ ಮರದ ಸ್ಲೀಪರ್ 180 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 11.5 ಸೆಂ.ಮೀ. ದಪ್ಪ ಇರುತ್ತಿತ್ತು. 22.5ರಿಂದ ಭಾಗಿಸಿದರೆ 80 ಮಿ.ಮೀ. ಉದ್ದ, 9 ಮಿ.ಮೀ. ಅಗಲ, 5 ಮಿ.ಮೀ. ದಪ್ಪ. ಸಾಮಿಲ್ಲಿನವರು ಪಟ್ಟಿ ಸೀಳಿಕೊಟ್ಟರು, ಆದರೆ ಗರಗಸದ ಹಲ್ಲು ಹೋಯಿತೆಂದು ಮುಂದೆಂದೂ ಆ ಕಟ್ಟಿಗೆಯನ್ನು ತರಬಾರದೆಂದು ಹೇಳಿ ಕಳಿಸಿದರು. ಮೂರು ಸೆಂಟಿಮೀಟರಿಗೊಂದರಂತೆ ಇಟ್ಟರೆ ನಮ್ಮ ದಾರಿಗೆ ಸಾವಿರಕ್ಕೂ ಮೇಲೆ ಸ್ಲೀಪರ್ ಬೇಕು. ಎರಡು ವರ್ಷದ ಸಂಜೆಗಳು ಅದಕ್ಕೆ ಹೋದವು. ಪ್ರತಿ ಸ್ಲೀಪರಿಗೆ ನಾಲ್ಕು ಮೊಳೆ, ಮೊಳೆಗೊಂದು ತೂತು. ತೂತು ಹಾಕದೆ ಹೊಡೆದರೆ ಜಾಲಿ ಬಾಗುವುದಿಲ್ಲ, ಮೊಳೆ ಬಾಗುತ್ತದೆ.

ಜಲ್ಲಿಯ ವಿಷಯದಲ್ಲಿ ನಾವು ಪುಣ್ಯವಂತರು. ಕಲ್ಲು ಗುಡ್ಡಗಳ ನಡುವೆಯೇ ಇದ್ದೇವೆ, ಕ್ರಷರ್‌ಗಳಿಗೂ ಬರವಿಲ್ಲ. ದೊಡ್ಡ ರೈಲಿಗೆ ಹಾಕುವ ಜಲ್ಲಿ 65 ಮಿ.ಮೀ. ಒಳಗಿನದು, ನಮ್ಮ ಪ್ರಮಾಣಕ್ಕೆ ಇಳಿಸಿದರೆ ಎರಡರಿಂದ ಮೂರು ಮಿ.ಮೀ. ಕ್ರಷರ್ ಪುಡಿಯನ್ನು ಎರಡು ಜರಡಿಗಳಲ್ಲಿ ಹಿಡಿದು, ನುಣುಪು ಹಿಟ್ಟನ್ನೂ ದಪ್ಪ ಚೂರನ್ನೂ ಬೇರೆ ಮಾಡಿ, ಉಳಿದದ್ದನ್ನು ತೊಳೆದು ಹಾಕಿದರೆ ಅದಕ್ಕಿಂತ ಒಳ್ಳೆಯ ಜಲ್ಲಿ ಯಾವ ದೇಶದಲ್ಲೂ ಸಿಗುವುದಿಲ್ಲ. ತುಂಗಭದ್ರೆಯ ಮರಳು ನೋಡಲು ಚೆಂದ, ಆದರೆ ಅದರ ಕಣ ದುಂಡಗಾಗಿರುವುದರಿಂದ ಒಂದರ ಮೇಲೊಂದು ಉರುಳುತ್ತದೆ. ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ, ಮೂಲೆಗಳು ಒಂದರಲ್ಲೊಂದು ಸಿಕ್ಕಿಕೊಂಡು ಸ್ಲೀಪರನ್ನು ಹಿಡಿಯುತ್ತವೆ. ದಾರಿ ಎಲ್ಲಾದರೂ ತಗ್ಗಿದರೆ ಹಳಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, ಮೊಂಡು ಉಳಿಯಂಥ ಕಟ್ಟಿಗೆ ತುಂಡಿನಿಂದ ಸ್ಲೀಪರಿನ ಕೆಳಗೆ ಜಲ್ಲಿ ತುರುಕಬೇಕು. ಗ್ಯಾಂಗಿನವರು ಬೀಟರ್ ಹಿಡಿದು ಮಾಡುತ್ತಿದ್ದ ಪ್ಯಾಕಿಂಗ್ ಕೆಲಸವೇ ಇದು. ಹಳಿಗಳ ಕೆಳಭಾಗದಲ್ಲಿ ತುರುಕಬೇಕು, ಸ್ಲೀಪರಿನ ನಡುಭಾಗದಲ್ಲಿ ಅಲ್ಲ; ನಡುವೆ ತುರುಕಿದರೆ ಸ್ಲೀಪರ್ ತೊಟ್ಟಿಲಿನಂತೆ ಆಡುತ್ತದೆ.

ಏರು, ತಿರುವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಏರು ಐವತ್ತಕ್ಕೆ ಒಂದಕ್ಕಿಂತ ಕಡಿದಾಗಿರಬಾರದು, ಅಂದರೆ ಮೂರು ಮೀಟರಿಗೆ 6 ಸೆಂ.ಮೀ. ತಿರುವಿನ ತ್ರಿಜ್ಯ, ಆಟಿಕೆ ಪೆಟ್ಟಿಗೆಯಲ್ಲಿ ಬರುವ 60 ಸೆಂ.ಮೀ. ತುಂಡುಗಳಿಗಿಂತ ದೊಡ್ಡದಿರಬೇಕು, ಜಾಗ ಇದ್ದರೆ 1.2 ಮೀಟರಿಗಿಂತ ಕಡಿಮೆ ಮಾಡಬೇಡಿ. ನಮ್ಮ ಹಳೆಯ ಮೀಟರ್ ಗೇಜ್ ದಾರಿಯಲ್ಲಿ ಓಡುತ್ತಿದ್ದ ವೈಜಿ, ವೈಪಿ ಎಂಬ ಹಬೆ ಇಂಜಿನ್ನುಗಳ ಮಾದರಿ ಮಾಡಬೇಕೆನ್ನುವವರು ಇದನ್ನು ಮೊದಲೇ ಯೋಚಿಸಬೇಕು. ವೈಪಿ, ಕಲ್ಲಿದ್ದಲು ನೀರು ಹೊರುವ ತನ್ನ ಟೆಂಡರ್ ಡಬ್ಬಿ ಸೇರಿ, ಸುಮಾರು 19 ಮೀಟರ್ ಉದ್ದ, ಮಾದರಿಯಲ್ಲಿ 85 ಸೆಂ.ಮೀ. ಆಗುತ್ತದೆ. ಅಷ್ಟುದ್ದದ ಇಂಜಿನ್ ಚಿಕ್ಕ ತಿರುವಿನಲ್ಲಿ ತಿರುಗಿದರೂ ನೋಡಲು ಸಹ್ಯವಾಗಿರುವುದಿಲ್ಲ. ಇನ್ನು ಡಬ್ಬಿ ಮತ್ತೆ ಮತ್ತೆ ಹಳಿ ತಪ್ಪುತ್ತಿದ್ದರೆ ಎಲ್ಲರೂ ಹಳಿಯನ್ನು ಬೈಯುತ್ತಾರೆ. ಮೊದಲು ಚಕ್ರ ನೋಡಿ. ಜೋಡಿ ಚಕ್ರಗಳ ಒಳಮೈ ನಡುವೆ ಸುಮಾರು 40 ಮಿ.ಮೀ. ಇರಬೇಕು. ಅಂಗಡಿಯಿಂದ ಹೊಸದಾಗಿ ಬಂದ ಡಬ್ಬಿಯಲ್ಲೂ ಅದು ತಪ್ಪಿರುವುದನ್ನು ಕಂಡಿದ್ದೇನೆ.

ವಿದ್ಯುತ್ತನ್ನು ಹಳಿಯ ಮೂಲಕವೇ ಇಂಜಿನ್ನಿಗೆ ಕೊಡುವುದು ಮೂಲ ಪದ್ಧತಿ. ಗರಿಷ್ಠ 24 ವೋಲ್ಟಿನವರೆಗಿನ ಡಿ.ಸಿ., ಆದ್ದರಿಂದ ಮುಟ್ಟಿದರೂ ಭಯವಿಲ್ಲ. ಆದರೆ ಹಿತ್ತಾಳೆ ಹೊರಗಿದ್ದರೆ ಮಂಕಾಗುತ್ತದೆ. ಆ ಮಂಕಿನ ಪದರ ವಿದ್ಯುತ್ತನ್ನು ಸರಿಯಾಗಿ ಹಾಯಲು ಬಿಡುವುದಿಲ್ಲ. ಬಳ್ಳಾರಿಯಲ್ಲಿ ಅದರ ಮೇಲೆ ಅದಿರಿನ ಕೆಂಪು ಧೂಳು ಬೇರೆ ಕೂರುತ್ತದೆ. ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಜಲ್ಲಿಯ ಮೇಲೆ ಒಂದು ಸುತ್ತು ಎಳೆದರೆ ಅದಕ್ಕೆ ಕರಿಗಡ್ಡ ಬೆಳೆದಿರುತ್ತದೆ. ಆ ಪುಡಿ ಇಂಜಿನ್ನಿನ ಮೋಟಾರಿನೊಳಗೆ ಸೇರಿದರೆ ಅಲ್ಲಿಯೂ ಅಯಸ್ಕಾಂತವೇ ಇರುವುದರಿಂದ ಮತ್ತೆ ಹೊರಗೆ ಬರುವುದಿಲ್ಲ. ಏಳು ವರ್ಷ ದಿನಾ ಬೆಳಿಗ್ಗೆ ಪಾತ್ರೆ ತಿಕ್ಕುವ ನಾರಿನಿಂದ 32 ಮೀಟರ್ ಹಳಿ ತಿಕ್ಕಿ, ಸಂದು ಬಿಟ್ಟ ಕಡೆಯೆಲ್ಲ ಸಡಿಲವಾದ ಜಂಪರ್ ತಂತಿ ಬೆಸೆದು, ಅದು ಕಿತ್ತಾಗ ಮತ್ತೆ ಬೆಸೆದು, ಕೊನೆಗೆ ಆ ಪದ್ಧತಿಯನ್ನೇ ಬಿಟ್ಟೆ. ಈಗ ಇಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ನಾಲ್ಕು ಸೆಲ್ಲಿನ, 14.8 ವೋಲ್ಟಿನ ಲಿಥಿಯಂ ಬ್ಯಾಟರಿ, ಕೈಯಲ್ಲಿ ರೇಡಿಯೊ ರಿಮೋಟ್. ಹಳಿಗೆ ವಿದ್ಯುತ್ತೇ ಇಲ್ಲ. ನಮ್ಮ ಊರಿನ ಮಟ್ಟಿಗೆ ಇದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಹಳಿಯಲ್ಲಿ ವಿದ್ಯುತ್ ಹರಿಯದಿದ್ದರೆ ರೈಲೇ ಅಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: 42 ಡಿಗ್ರಿ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಲಿಥಿಯಂ ಬ್ಯಾಟರಿಯನ್ನು ಬಿಟ್ಟು ಊಟಕ್ಕೆ ಹೋಗಬಾರದು, ಓಡಿ ಬಿಸಿಯಾದ ಬ್ಯಾಟರಿಯನ್ನು ಆರಿಸದೆ ಚಾರ್ಜಿಗೆ ಹಾಕಬಾರದು.

ನಿಜವಾದ ಹಬೆಯ ಇಂಜಿನ್ ಒಂದಿದೆ. ಮಕ್ಕಳು ಬರುವುದು ಅದಕ್ಕೇ. ತಾಮ್ರದ ಪುಟ್ಟ ಬಾಯ್ಲರ್, ಕೆಳಗೆ ಬ್ಯುಟೇನ್ ಗ್ಯಾಸಿನ ಉರಿ. ಇದಕ್ಕೆ ಬೋರ್‌ವೆಲ್ ನೀರು ಹಾಕಿದರೆ ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ಬಾಯ್ಲರಿನೊಳಗೂ ಕಟ್ಟುತ್ತದೆ, ಅಲ್ಲಿ ಕೈ ಹಾಕಿ ತಿಕ್ಕಲು ಆಗುವುದಿಲ್ಲ. ಆದ್ದರಿಂದ ಡಿಸ್ಟಿಲ್ಡ್ ನೀರೇ ಬೇಕು. ಇಂಗ್ಲೆಂಡಿನ ಹವ್ಯಾಸಿಗಳು ಚಳಿಗೆ ಗ್ಯಾಸಿನ ಒತ್ತಡ ಸಾಲದೆ ಗ್ಯಾಸ್ ಟ್ಯಾಂಕನ್ನು ಬಿಸಿನೀರಿನಲ್ಲಿ ಇಡುತ್ತಾರೆ. ನಮ್ಮ ಕಷ್ಟ ಅದರ ತಿರುವು ಮುರುವು. 20 ಡಿಗ್ರಿಗೂ 40 ಡಿಗ್ರಿಗೂ ಬ್ಯುಟೇನಿನ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಉರಿ ಬುಸುಗುಟ್ಟಿ ಚಿಮಣಿಯವರೆಗೆ ಏರುತ್ತದೆ. ಹಾಗಾಗಿ ನಾವು ಟ್ಯಾಂಕಿಗೆ ಒದ್ದೆ ಬಟ್ಟೆ ಸುತ್ತುತ್ತೇವೆ, ಗ್ಯಾಸನ್ನು ನೆರಳಿನಲ್ಲಿ, ಹತ್ತಿರ ಯಾವ ಉರಿಯೂ ಇಲ್ಲದ ಕಡೆ ತುಂಬುತ್ತೇವೆ. ಇನ್ನೊಂದು ನಿರಾಸೆಯ ಸಂಗತಿ: ಬೇಸಿಗೆಯಲ್ಲಿ ಹಬೆ ಕಾಣುವುದೇ ಇಲ್ಲ. ಗಾಳಿ ತಂಪಾಗಿದ್ದರೆ ಮಾತ್ರ ಹಬೆ ಹನಿಗಟ್ಟಿ ಬೆಳ್ಳಗೆ ಕಾಣುತ್ತದೆ. ಇಂಜಿನ್ ಮೋಡದಂಥ ಹಬೆ ಬಿಡುತ್ತ ಓಡುವುದನ್ನು ನೋಡಬೇಕೆಂದರೆ ಸಂಕ್ರಾಂತಿಯ ಆಸುಪಾಸು, ಬೆಳಗಿನ ಆರು ಗಂಟೆಗೆ ಬರಬೇಕು. ಬರುತ್ತೇನೆಂದವರು ಬಹಳ, ಎದ್ದು ಬಂದವರು ಮೂವರು.

ತೋಟದ ಮಾತು ಹೇಳದೆ ತೋಟದ ರೈಲಿನ ಮಾತು ಪೂರ್ತಿಯಾಗದು. 1:22.5ರಲ್ಲಿ ಆಳು ಏಳೂವರೆ ಸೆಂ.ಮೀ. ಎತ್ತರ, ಹತ್ತು ಮೀಟರಿನ ಬೇವಿನ ಮರ 44 ಸೆಂ.ಮೀ. ಎಲೆ ಚಿಕ್ಕದಿರುವ ಗಿಡ ಹುಡುಕಬೇಕು. ದವನ ದೂರದಿಂದ ಗಾಳಿಮರದಂತೆ ಕಾಣುತ್ತದೆ. ತೊಟ್ಟಿಯ ಪಕ್ಕದ ಒಂದೆಲಗ ತಾವರೆಕೆರೆಯ ಹಾಗೆ. ಕಾಮಕಸ್ತೂರಿಯನ್ನು ಚಿವುಟುತ್ತಿದ್ದರೆ ಹುಣಸೆ ತೋಪು. ಗರಿಕೆ ಮಾತ್ರ ಪೂಜೆಗೆ ಎಷ್ಟೇ ಶ್ರೇಷ್ಠವಾಗಿದ್ದರೂ ಇಲ್ಲಿ ಶತ್ರು. ಫರ್ಸಿಯ ಸಂದಿನಲ್ಲಿ ಒಮ್ಮೆ ಬೇರು ಬಿಟ್ಟರೆ ದಾರಿ ಬಿಚ್ಚದೆ ಕೀಳಲು ಬರುವುದಿಲ್ಲ. ಗಿಡಗಳಿಂದ ದೊಡ್ಡ ತೊಂದರೆ ಎಂದರೆ ಅವಕ್ಕೆ ಹಾಕುವ ನೀರು. ಗೋಡೆಯ ಪಕ್ಕದ ಮಲ್ಲಿಗೆಗೆ ದಿನಾ ಎರಡು ಕೊಡ ನೀರು ಬೀಳುತ್ತಿತ್ತು. ಅಲ್ಲಿ ಎರೆಮಣ್ಣು ಒಂದೇ ಮಗ್ಗುಲಿಗೆ ಉಬ್ಬಿ, ಕಾಲುವೆಯ ಗರಸನ್ನೂ ಒತ್ತಿ, ದಾರಿ ತೋಟದ ಕಡೆ ವಾಲುತ್ತಿತ್ತು. ಆರು ತಿಂಗಳು ಪ್ಯಾಕಿಂಗ್ ಮಾಡಿ ಮಾಡಿ ಸಾಕಾದ ಮೇಲೆ ಕಾರಣ ತಿಳಿಯಿತು. ನೀರು ಕಡಿಮೆ ಮಾಡಬಹುದೇ ಎಂದು ನನ್ನ ಮನೆಯವರನ್ನು ಕೇಳಿದೆ. “ನಿಮ್ಮ ರೈಲಿನ ಸಲುವಾಗಿ ನನ್ನ ಮಲ್ಲಿಗಿ ಒಣಗಿಸಾಕ ಆಗಂಗಿಲ್ಲ” ಎಂದರು. ರೈಲುದಾರಿಯನ್ನೇ ಎರಡಡಿ ಆಚೆ ಸರಿಸಿದೆ. ಹೊಸದಾಗಿ ಮಾಡುವವರಿಗೆ ನನ್ನ ಸಲಹೆ: ದಾರಿಯ ಹತ್ತಿರದ ಗಿಡಗಳನ್ನು ಕುಂಡದಲ್ಲೇ ಇಟ್ಟು, ಕುಂಡವನ್ನು ಕಂಠದವರೆಗೆ ಹೂತುಬಿಡಿ, ನೀರು ಕುಂಡದೊಳಗೇ ಉಳಿಯುವಷ್ಟು ಮಾತ್ರ ಹಾಕಿ.

ನಿಲ್ದಾಣದಲ್ಲಿ ನಿಂತಿರುವ ಪ್ರಯಾಣಿಕರನ್ನು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡಿಸಿದ್ದು. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಎಂಬ ಲೇಪ ಬಳಿದು, ಬಣ್ಣ ಹಚ್ಚುವ ಅವರ ಪದ್ಧತಿ ದೇವರ ಮೂರ್ತಿಗಳಿಗೂ ಬೊಂಬೆಗಳಿಗೂ ಹೆಸರಾದದ್ದು. ಏಳೂವರೆ ಸೆಂ.ಮೀ. ಆಳುಗಳನ್ನು ಕೇಳಿದಾಗ ಆ ಕುಶಲಕರ್ಮಿ ನಕ್ಕರು, ಆದರೆ ತಲೆಯ ಮೇಲೆ ಗಂಟು ಹೊತ್ತ ಮುದುಕಿಯ ಸೊಂಟದ ಬಾಗನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆಂದರೆ, ಬಂದವರು ಇಂಜಿನ್ ಬಿಟ್ಟು ಅವಳನ್ನೇ ನೋಡುತ್ತಾರೆ. ಅಂಟಿನ ಕೆಲಸ ಮಳೆಗೆ ತಾಳುವುದಿಲ್ಲ. ಒಂದು ಸಂಜೆ ಮರೆತು ಹೊರಗೆ ಬಿಟ್ಟದ್ದಕ್ಕೆ ಸ್ಟೇಷನ್ ಮಾಸ್ತರರ ಮೂಗು ಹೋಯಿತು. ಈಗ ಮೋಡ ಕಂಡರೆ ಮೊದಲು ಪ್ರಯಾಣಿಕರನ್ನು ಬುಟ್ಟಿಯಲ್ಲಿ ತುಂಬಿ ಒಳಗೆ ತರುತ್ತೇವೆ.

ವರ್ಷದ ಲೆಕ್ಕವನ್ನು ನಾನು ಕ್ಯಾಲೆಂಡರಿಗಿಂತ ಮಳೆ ನಕ್ಷತ್ರದಲ್ಲೇ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರ ಒಳಗೆ ಓಡಿಸಿದರೆ ಓಡಿಸಿದಂತೆ, ಆಮೇಲೆ ಸಂದುಗಳನ್ನು ನೋಡುವುದಷ್ಟೇ ಕೆಲಸ. ಆಷಾಢದ ಗಾಳಿಗೆ ಖಾಲಿ ಡಬ್ಬಿಗಳು ಮಗುಚುತ್ತವೆ, ಅದಕ್ಕೆ ಪ್ರತಿ ಡಬ್ಬಿಯಲ್ಲೂ ಒಂದು ಹಿಡಿ ಜಲ್ಲಿ ಹಾಕುತ್ತೇನೆ. ಹಸ್ತ, ಚಿತ್ತಿ ಮಳೆ ಬಿದ್ದು ನೆಲ ಪೂರ್ತಿ ಉಬ್ಬಿ ನಿಂತ ಮೇಲೆಯೇ ದಾರಿಯನ್ನು ಮಟ್ಟ ಮಾಡುವ ವರ್ಷದ ದೊಡ್ಡ ಕೆಲಸ. ಅದಕ್ಕೆ ಮುಂಚೆ ಮಾಡಿದರೆ ಎರಡು ಸಲ ಮಾಡಬೇಕಾಗುತ್ತದೆ. ಗಾರೆ ಕೆಲಸದವರ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಸುತ್ತಲೂ ಹಿಡಿದು, ತಗ್ಗಿದ ಕಡೆ ಸುಣ್ಣದ ಚುಕ್ಕೆ ಇಟ್ಟು, ಒಂದೊಂದೇ ಎತ್ತುತ್ತ ಹೋಗುವುದು. ದೀಪಾವಳಿಯಿಂದ ಶಿವರಾತ್ರಿಯವರೆಗೆ ರೈಲು ಓಡಿಸುವ ಕಾಲ. ಎಲ್ಲ ಕಾಲದಲ್ಲೂ ತಪ್ಪಿಸಲಾಗದ ಕೆಲಸವೊಂದಿದೆ: ಓಡಿಸುವ ಮುನ್ನ ಒಂದು ಸುತ್ತು ಕೈಯಲ್ಲಿ ಬ್ರಶ್ ಹಿಡಿದು ದಾರಿ ನಡೆಯುವುದು. ಬೇವಿನೆಲೆ ಉದುರಿದಾಗ ಅದರ ತೊಟ್ಟಿನಂಥ ಕಡ್ಡಿ, ದಾರಿ ಕವಲೊಡೆಯುವ ಪಾಯಿಂಟಿನ ನಾಲಿಗೆಗೂ ಹಳಿಗೂ ನಡುವೆ ಸೇರಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದೇ ಸಂದಿನಲ್ಲಿ ಇರುವೆಗಳು ರಾತ್ರೋರಾತ್ರಿ ಮಣ್ಣು ತಂದು ಹಾಕಿರುತ್ತವೆ. ನಮ್ಮ ತಂದೆಯ ಗ್ಯಾಂಗಿನ ಕೀಮನ್ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ, ಅಪಾಯ ತಿಳಿಸಲು ಹಳಿಯ ಮೇಲಿಡುವ ಎರಡು ಪಟಾಕಿ ಹಿಡಿದು ದಿನಾ ಹೀಗೆಯೇ ದಾರಿ ನಡೆಯುತ್ತಿದ್ದ.

ಎಲ್ಲ ಸರಿಹೋಗಿದೆ ಎಂದು ಹೇಳಿ ಇಳಿಯುವ ಆಸೆ ಇತ್ತು, ಆದರೆ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ನೀರಿನ ಸಂಪಿನ ಮೂಲೆಯಲ್ಲಿರುವ ಪಾಯಿಂಟ್ ಪ್ರತಿ ವರ್ಷ ಎರಡರಿಂದ ಮೂರು ಮಿ.ಮೀ. ಇಳಿಯುತ್ತಿದೆ. ಮಲ್ಲಿಗೆ ಅಲ್ಲಿಲ್ಲ, ಪೈಪು ಸೋರುತ್ತಿಲ್ಲ, ಗರಸು ಗಟ್ಟಿಯಿದೆ. ಸಂಪು ತೋಡಿದಾಗ ತೆಗೆದ ಮಣ್ಣನ್ನು ಅಲ್ಲಿಯೇ ತುಂಬಿದ್ದಿರಬಹುದು ಎಂದು ನನ್ನ ಊಹೆ. ಈ ಸಲ ಚಿತ್ತಿ ಮಳೆ ಮುಗಿದ ಮೇಲೆ ಆ ಎಂಟಡಿ ದಾರಿ ಬಿಚ್ಚಿ, ಮೂರಡಿ ಆಳಕ್ಕೆ ಅಗೆದು ನೋಡುತ್ತೇನೆ. ಹಾರೆ, ಸಲಿಕೆ ನನ್ನ ಹತ್ತಿರ ಇವೆ; ದಮ್ಮಸು ಹೊಡೆಯಲು ಇಬ್ಬರು ಬಂದರೆ ಅನುಕೂಲ. ಬರುವವರು ಬೆಳಿಗ್ಗೆ ಆರಕ್ಕೆ ಬನ್ನಿ, ಚಹಾ ಇರುತ್ತದೆ.